ನಲವತ್ತಮೂರು ಸೆಕೆಂಡು

ಲಿಂಕ್ಡ್‌ಇನ್‌ನಲ್ಲಿ ನಾನು ಕುಂಬಾ ಎನ್ದೋಯ್, ಹಿರಿಯ ಲೆಕ್ಕಾಧಿಕಾರಿ,
ಮೀನು ಶೈತ್ಯಾಗಾರ, ಡಾಕರ್ ಬಂದರು.
ನೀಲಿ ಕೋಟು ಗೆಳತಿಯದು, ಹಿಂದಿನ ಗೋಡೆ ಬ್ಯಾಂಕಿನದು,
ನಗು ಮಾತ್ರ ನನ್ನದು; ಅದನ್ನೂ ಅರ್ಧಕ್ಕೆ ತಡೆದದ್ದು.
ಅಲ್ಲಿ ಯಾರಿಗೂ ಕೆಲಸ ಹೋಗುವುದಿಲ್ಲ,
'ಹೊಸ ಹಾದಿಯ ಹುಡುಕಾಟದಲ್ಲಿ' ಇರುತ್ತಾರೆ.
ಯಾರಿಗೂ ಸುಸ್ತಾಗುವುದಿಲ್ಲ. ಎಲ್ಲರಿಗೂ ಎಲ್ಲದಕ್ಕೂ
ಹೆಮ್ಮೆಯಾಗುತ್ತದೆ, ಫ್ರೆಂಚಿನಲ್ಲಿ.

ಫೇಸ್‌ಬುಕ್ಕಿನಲ್ಲಿ ನಾನು ಮದುವೆಮನೆಯ ಮೂರನೇ ಸಾಲು,
ಎಡದಿಂದ ಐದನೆಯವಳು, ಕಣ್ಣು ಮುಚ್ಚಿದವಳು.
ಚಿಕ್ಕಮ್ಮ ಟ್ಯಾಗ್ ಮಾಡಿದ್ದಾಳೆ, ಬಿಡಿಸಿಕೊಳ್ಳುವಂತಿಲ್ಲ;
ಬಿಡಿಸಿಕೊಂಡರೆ ಬಳಗವನ್ನೇ ಬಿಟ್ಟ ಹಾಗೆ.
ಇನ್‌ಸ್ಟಾಗ್ರಾಮಿನಲ್ಲಿ ನಾನಿಲ್ಲ, ನನ್ನ ಬೆನ್ನಿದೆ:
ಸೋದರತ್ತೆಯ ಮಗಳು ಹೊಲಿದ ಹಳದಿ ಬೂಬೂ,
ದರಕ್ಕೆ ಇನ್‌ಬಾಕ್ಸಿಗೆ ಬನ್ನಿ.

ವಾಟ್ಸಾಪಿನಲ್ಲಿ ಮಾತ್ರ ನನಗೊಂದು ಗಂಟಲಿದೆ.
ಅಮ್ಮನಿಗೆ ಓದು ಬಾರದು. ಅಕ್ಕನ ಹೆಸರು ಆರಾಮ್,
ಆರಾಮವಿರುವುದು ಹೆಸರಲ್ಲಷ್ಟೇ;
ಬಾರ್ಞಿಯ ಹೊಗೆಗೂಡಿನ ಮುಂದೆ ಎರಡೂ ಕೈ ತುಂಬ ಮೀನು.
ಹಾಗಾಗಿ ಬರೆಯುವುದಿಲ್ಲ, ಗುಂಡಿ ಒತ್ತಿ ಹಿಡಿದು ಮಾತಾಡುತ್ತೇವೆ.
ಮನೆ ಹೇಗಿದೆ, ಚಳಿ ಹೇಗಿದೆ, ಮಂಡಿನೋವು ಹೇಗಿದೆ?
ಕೇಳಿದ್ದಕ್ಕೆಲ್ಲ ನಮ್ಮಲ್ಲಿ ಒಂದೇ ಉತ್ತರ:
ಇಲ್ಲೇ ಇದ್ದೀನಿ, ಅಷ್ಟೆ.
ಫ್ರೆಂಚಿನಲ್ಲಿ ನೀನು ಉಂಟು, ನೀವು ಉಂಟು;
ನಮ್ಮ ವೊಲೊಫಿನಲ್ಲಿ ಮೀನಿಗೂ ಮಂತ್ರಿಗೂ ಒಂದೇ ನೀನು.

ಗುರುವಾರ ಸಂಜೆ, ಬಂದರಿನ ಬಸ್ಸಿನಲ್ಲಿ ಜೋತುಬಿದ್ದು
ಅಕ್ಕನಿಗೆ ಹೇಳಿದೆ:
ನಮ್ಮ ಮಸ್ಯೋ ಬಾಜಿಯ ಫ್ರೆಂಚು ಕೇಳಬೇಕು ನೀನು,
ಗುಂಡುಸೂಜಿ ತೆಗೆಯದೆ ತೊಟ್ಟ ಹೊಸ ಅಂಗಿ!
ಅಲ್ಲಾಡಿದರೆ ಎಲ್ಲಿ ಚುಚ್ಚುತ್ತದೋ ಅಂತ
ಉಸಿರನ್ನೂ ವ್ಯಾಕರಣ ನೋಡಿಯೇ ಬಿಡುತ್ತಾನೆ.
ನಕ್ಕೆ. ಪಕ್ಕದಲ್ಲಿ ನಿಂತವಳೂ ನಕ್ಕಳು. ಬೆರಳು ಬಿಟ್ಟೆ.

ನಲವತ್ತಮೂರು ಸೆಕೆಂಡು
ಹೋದದ್ದು ಅಕ್ಕನಿಗಲ್ಲ,
'ಶೈತ್ಯಾಗಾರ, ದಿನದ ವರದಿ' ಗುಂಪಿಗೆ.
ಹದಿನಾಲ್ಕು ಜನ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.
ಒಡೆದ ಮುತ್ತು ಜೋಡಿಸಿಕೊಡುತ್ತೇನೆ ಎನ್ನುವುದು ಫೋನೊಂದೇ:
'ಎಲ್ಲರಿಂದಲೂ ಅಳಿಸಲೇ?'
ಅಳಿಸಿದೆ. ಅಳಿಸಿದ್ದರ ಗುರುತು ಉಳಿಯಿತು,
ಹಲ್ಲು ಬಿದ್ದ ಜಾಗದ ಹಾಗೆ.
ಅಷ್ಟರೊಳಗೆ ಐಸು ಒಡೆಯುವ ಹುಡುಗ ಮೋದು
ಮೂರು ನಗುಮುಖ ಇಟ್ಟಾಗಿತ್ತು.

ರಾತ್ರಿ ಅನ್ನಕ್ಕೆ ಕೈ ಹಾಕುವಾಗ ಬಂತು ಬಾಜಿಯವರ ದನಿ,
ಇದೇ ಮೊದಲ ಸಲ. ಗುಂಪಿಗಲ್ಲ, ನನಗೊಬ್ಬಳಿಗೆ.
ಫ್ರೆಂಚಲ್ಲ, ವೊಲೊಫು; ಅದೂ ಕುಂಟುವ ವೊಲೊಫು,
ದಕ್ಷಿಣದವರು ಇಲ್ಲಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕಲಿಯುವಂಥದು.
'ಗುಂಡುಸೂಜಿಯ ಸಂಗತಿ ನಿನಗೆ ಯಾರು ಹೇಳಿದರು?
ಜಿಗಿಂಷೋರಿನಲ್ಲಿ ನನ್ನಮ್ಮ ದರ್ಜಿ. ಮೊದಲ ಸಂದರ್ಶನಕ್ಕೆ
ಹೊಲಿಗೆ ಮುಗಿಯದ ಅಂಗಿಯಲ್ಲೇ ಹಡಗು ಹತ್ತಿದ್ದೆ.
ಇಡೀ ರಾತ್ರಿ ಒರಗದೆ ನಿಂತಿದ್ದೆ.
ನನ್ನ ತಾಯಿಮಾತು ಆಫೀಸಿನಲ್ಲಿ ಯಾರಿಗೂ ಬರುವುದಿಲ್ಲ.
ಈ ಎರಡೂ ನನಗೆ ಹೊರಗಿನ ಬಟ್ಟೆಯೇ.'
ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು.
ಕೊನೆಗೆ, ನಮ್ಮ ಓಣಿಯ ಹಿರಿಯರು ಕರೆಯುವಂತೆ
ಮನೆತನದ ಹೆಸರನ್ನು ಎರಡು ಸಲ ಕರೆದರು:
ಎನ್ದೋಯ್, ಎನ್ದೋಯ್.

ಬೆಳಗ್ಗೆ ಇಮೇಲು:
'ಮಾನ್ಯ ಮೇಡಂ, ಬುಧವಾರದ ವರದಿ ತಮ್ಮಿಂದ
ಇನ್ನೂ ತಲುಪಿರುವುದಿಲ್ಲ. ವಂದನೆಗಳೊಂದಿಗೆ.'
ಅಕ್ಷರ ಅಕ್ಷರಕ್ಕೂ ಇಸ್ತ್ರಿ.
ಕಳಿಸಿದೆ. ತಡವಾಗಿದ್ದು ನಿಜ.
ಲಿಂಕ್ಡ್‌ಇನ್ ಕೇಳಿತು,
ಬಾಜಿಯವರ ಯಾವ ಕೌಶಲವನ್ನು ಅನುಮೋದಿಸುತ್ತೀರಿ?
ಪಟ್ಟಿಯ ತುದಿವರೆಗೂ ಹುಡುಕಿದೆ. ಒರಗದೆ ನಿಲ್ಲುವುದು
ಅದರಲ್ಲಿ ಇರಲಿಲ್ಲ.

ಅಕ್ಕ ಕೇಳುತ್ತಿದ್ದಾಳೆ, ಹಿಂದೆ ಹೊಗೆಗೆ ಕೆಮ್ಮುವವರ ಸಾಲು:
ನಿನ್ನೆ ನಿನ್ನ ಮಾತೇ ಬರಲಿಲ್ಲವಲ್ಲ, ಎಲ್ಲಿ ಹೋಗಿದ್ದೆ?
ಗುಂಡಿ ಒತ್ತುವ ಮುನ್ನ ಹೆಸರು ಓದುತ್ತೇನೆ,
ಇನ್ನೊಮ್ಮೆ ಓದುತ್ತೇನೆ.
ಇಲ್ಲೇ ಇದ್ದೀನಿ, ಅಷ್ಟೆ.